ಟೆಂಡರಿನ ಮಾನದಂಡ ಮತ್ತು ಸಾರ್ವಜನಿಕ ನ್ಯಾಯ

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನಗಳಿಗೆ ಹೆಸರಾದ ಈ ವೇದಿಕೆಯ ಮೇಲೆ ಟೆಂಡರು, ಗುತ್ತಿಗೆ ಎಂಬ ಒಣ ವಿಷಯವನ್ನು ಎತ್ತಿಕೊಂಡು ನಿಂತಿದ್ದೇನೆ. ಇದಕ್ಕೆ ಕಾರಣವಿದೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಕ್ಯಾಂಟೀನು ನಡೆಸುತ್ತಾರೆ, ಅಚ್ಚುಕೂಟ ಇಟ್ಟಿದ್ದಾರೆ, ಸಣ್ಣಪುಟ್ಟ ಕಟ್ಟಡದ ಕಾಮಗಾರಿ ಮಾಡಿಸುತ್ತಾರೆ. ಅವರಿಗೆ ಟೆಂಡರೆಂದರೆ ಹೊಟ್ಟೆಪಾಡಿನ ಪ್ರಶ್ನೆ. ಇನ್ನು ಕೆಲವರು ನನ್ನಂತೆ ಸರಕಾರದ ಕಡತಗಳ ನಡುವೆ ಆಯುಷ್ಯ ಸವೆಸಿದವರು. ಉಳಿದವರೆಲ್ಲ ತೆರಿಗೆ ಕೊಡುವವರು, ರಸ್ತೆಯಲ್ಲಿ ನಡೆಯುವವರು, ಆಸ್ಪತ್ರೆಯಲ್ಲಿ ಮಲಗುವವರು. ಆ ರಸ್ತೆಯ ಡಾಂಬರು, ಆ ಆಸ್ಪತ್ರೆಯ ಮಾತ್ರೆ, ಮಕ್ಕಳ ಶಾಲೆಯ ಬೆಂಚು ಎಲ್ಲವೂ ಟೆಂಡರಿನ ಬಾಗಿಲಿನಿಂದಲೇ ಬರುತ್ತವೆ. ಆದ್ದರಿಂದ ಈ ವಿಷಯ ಯಾರಿಗೂ ಹೊರಗಿನದಲ್ಲ.

ಸುಮಾರು ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಬೇರೆ ಬೇರೆ ಊರುಗಳ ಟೆಂಡರು ಸಮಿತಿಗಳಲ್ಲಿ ಹಣಕಾಸಿನ ಸದಸ್ಯನಾಗಿ ಕುಳಿತಿದ್ದೇನೆ. ಇಲ್ಲಿ ಹೇಳುವ ಅಭಿಪ್ರಾಯಗಳು ನನ್ನ ಸ್ವಂತದವು. ಇಲಾಖೆಯ ಪರವಾಗಿ ಆಡುವ ಮಾತುಗಳಲ್ಲ. ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಹತ್ತು ಜನ ದರ ಕೊಟ್ಟಾಗ ಅವರಲ್ಲಿ ಒಬ್ಬನನ್ನು ಆರಿಸುವುದು ಯಾವ ಆಧಾರದ ಮೇಲೆ? ಆ ಆಧಾರವನ್ನು ಯಾರು, ಯಾವಾಗ ನಿಗದಿ ಮಾಡಬೇಕು?

ಸಾಮಾನ್ಯರ ಉತ್ತರ ಸರಳವಾಗಿದೆ: ಯಾರು ಕಡಿಮೆಗೆ ಕೊಡುತ್ತಾರೋ ಅವರಿಗೆ ಕೊಡಿ. ಮನೆಗೆ ತರಕಾರಿ ತರುವಾಗ ಮಾತ್ರ ನಾವು ಹಾಗೆ ಮಾಡುವುದಿಲ್ಲ. ಕೊಳೆತ ಬದನೆಕಾಯಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ನೋಡುತ್ತೇವೆ, ಮುಟ್ಟುತ್ತೇವೆ, ಹಳೆಯ ಅಂಗಡಿಯವನ ಮೇಲಿನ ನಂಬಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಸರಕಾರಕ್ಕೆ ಈ ಸ್ವಾತಂತ್ರ್ಯವಿಲ್ಲ. ಖರ್ಚಾಗುವ ಹಣ ಅಧಿಕಾರಿಯದಲ್ಲ; ಹಳೆಯ ಅಂಗಡಿಯವನ ಮೇಲೆ ಅವನಿಗಿರುವ ನಂಬಿಕೆ ಊರಿನವರ ಕಣ್ಣಿಗೆ ಪಕ್ಷಪಾತವಾಗಿ ಕಾಣುತ್ತದೆ. ಆದ್ದರಿಂದಲೇ ಅವನು ಏನನ್ನು ನೋಡುತ್ತೇನೆ, ಎಷ್ಟು ನೋಡುತ್ತೇನೆ ಎಂಬುದನ್ನು ಮೊದಲೇ ಬರೆದು ಎಲ್ಲರಿಗೂ ತಿಳಿಸಬೇಕು. ಟೆಂಡರಿನ ಮಾನದಂಡವೆಂದರೆ ಇದೇ.

ಈ ಮಾತಿಗೆ ನಮ್ಮ ದೇಶದಲ್ಲಿ ಗಟ್ಟಿಯಾದ ಕಾನೂನಿನ ಬುನಾದಿ ದೊರೆತದ್ದು ಇದೇ ಮುಂಬಯಿಯ ಒಂದು ಉಪಾಹಾರಗೃಹದ ವ್ಯಾಜ್ಯದಿಂದ. ಈ ನಗರದ ಹೋಟೆಲು ಉದ್ಯಮದಲ್ಲಿ ಕರಾವಳಿಯ ನಮ್ಮವರ ಪಾಲು ಎಷ್ಟೆಂಬುದನ್ನು ನಾನು ಹೇಳಬೇಕಾಗಿಲ್ಲ. ಹಾಗಾಗಿ ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1977ರ ಆರಂಭದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಮುಂಬಯಿ ನಿಲ್ದಾಣದಲ್ಲಿ ಒಂದು ಎರಡನೆಯ ದರ್ಜೆಯ ರೆಸ್ಟೋರೆಂಟನ್ನೂ ಎರಡು ತಿಂಡಿ ಮಳಿಗೆಗಳನ್ನೂ ನಡೆಸಲು ಟೆಂಡರು ಕರೆಯಿತು. ನೋಂದಾಯಿತ ಎರಡನೆಯ ದರ್ಜೆಯ ಹೋಟೆಲು ಮಾಲಿಕರಾಗಿದ್ದು ಕನಿಷ್ಠ 5 ವರ್ಷಗಳ ಅನುಭವವುಳ್ಳವರು ಅರ್ಜಿ ಹಾಕಬಹುದೆಂದು ಪ್ರಕಟಣೆಯಲ್ಲಿತ್ತು. ಕೊನೆಗೆ ಗುತ್ತಿಗೆ ಸಿಕ್ಕಿದ್ದು ಅತಿ ಹೆಚ್ಚು ಲೈಸನ್ಸ್ ಶುಲ್ಕ ಕೊಡಲು ಮುಂದೆ ಬಂದವರಿಗೆ. ಅವರು ಹತ್ತು ವರ್ಷಗಳಿಂದ ಕ್ಯಾಂಟೀನುಗಳನ್ನು ನಡೆಸಿದ್ದರು. ಆದರೆ ಪ್ರಕಟಣೆ ಕೇಳಿದ್ದ ಎರಡನೆಯ ದರ್ಜೆಯ ಹೋಟೆಲಿನ ನೋಂದಣಿ ಅವರಲ್ಲಿರಲಿಲ್ಲ.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನು? ಪ್ರಾಧಿಕಾರಕ್ಕೆ ಹೆಚ್ಚು ಹಣ ಬಂತು, ನಡೆಸುವವರಿಗೆ ಅನುಭವವೂ ಇತ್ತು. 1979ರಲ್ಲಿ ರಮಣ ದಯಾರಾಮ ಶೆಟ್ಟಿ ಮೊಕದ್ದಮೆಯ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇದನ್ನು ಒಪ್ಪಲಿಲ್ಲ. ಅವರ ತರ್ಕವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಸರಕಾರವು ತಾನೇ ಒಂದು ಮಾನದಂಡವನ್ನು ಸಾರಿ ಹೇಳಿದ ಮೇಲೆ ಅದಕ್ಕೆ ತಾನೂ ಬದ್ಧವಾಗಿರಬೇಕು. ನೋಂದಣಿ ಬೇಕಿಲ್ಲವೆಂದಾಗಿದ್ದರೆ ಅದಿಲ್ಲದ ಎಷ್ಟೋ ಜನ ಅರ್ಜಿ ಹಾಕುತ್ತಿದ್ದರು. ಪ್ರಕಟಣೆಯನ್ನು ನಂಬಿ ಅವರು ಮನೆಯಲ್ಲಿ ಕುಳಿತರು. ನಂಬದೆ ಅರ್ಜಿ ಹಾಕಿದವನಿಗೆ ಫಲ ಸಿಕ್ಕಿತು. ಸಂವಿಧಾನದ 14ನೆಯ ಅನುಚ್ಛೇದದ ಸಮಾನತೆಗೆ ಇದು ವಿರುದ್ಧ. ಹೀಗೆ ಹೇಳಿದ ಮೇಲೂ ನ್ಯಾಯಾಲಯ ಆ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ಅರ್ಜಿದಾರರು ಬೇರೊಬ್ಬರ ಪರವಾಗಿ, ತಡವಾಗಿ ಬಂದಿದ್ದಾರೆ. ಗುತ್ತಿಗೆ ಪಡೆದವರು ಆಗಲೇ ಸಾಕಷ್ಟು ಹಣ ಹೂಡಿದ್ದಾರೆ ಎಂಬುದು ಕಾರಣ. ಅರ್ಜಿ ವಜಾ ಆಯಿತು, ತತ್ತ್ವ ಉಳಿಯಿತು. ಇಂದಿಗೂ ಟೆಂಡರಿನ ವ್ಯಾಜ್ಯಗಳಲ್ಲಿ ವಕೀಲರು ಈ ತೀರ್ಪನ್ನು ಎತ್ತಿ ಹೇಳುತ್ತಾರೆ.

ಈ ತೀರ್ಪಿನಲ್ಲಿ ನಾವು ಗಮನಿಸಬೇಕಾದವರು ಅರ್ಜಿಯನ್ನೇ ಹಾಕದೆ ಉಳಿದವರು. ಸೋತವನು ಕೋರ್ಟಿಗೆ ಹೋಗುತ್ತಾನೆ, ಗೆದ್ದವನು ಕೆಲಸ ಮಾಡುತ್ತಾನೆ. ಪ್ರಕಟಣೆ ಓದಿ ‘ಇದು ನಮಗಲ್ಲ’ ಎಂದು ಹಿಂದೆ ಸರಿದವನ ಹೆಸರು ಯಾವ ಕಡತದಲ್ಲಿಯೂ ಇರುವುದಿಲ್ಲ. ಮಾನದಂಡವನ್ನು ಆಮೇಲೆ ಸಡಿಲಿಸಿದರೆ ಅನ್ಯಾಯವಾಗುವುದು ಮುಖ್ಯವಾಗಿ ಇವನಿಗೆ.

ಈಗ ಪದ್ಧತಿಯ ವಿಚಾರಕ್ಕೆ ಬರೋಣ. ಕೇಂದ್ರ ಸರಕಾರದ ಖರೀದಿ, ಕಾಮಗಾರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಆಧಾರ. ಇದಕ್ಕೆ ಮೊದಲು 2005ರ ನಿಯಮಗಳಿದ್ದವು, ಅದಕ್ಕೂ ಮೊದಲು 1963ರವು. ಬಿಡ್ಡುಗಳನ್ನು ಯಾವ ಅಂಶಗಳ ಮೇಲೆ ತೂಗಲಾಗುತ್ತದೆ, ಗುತ್ತಿಗೆ ಯಾವ ಆಧಾರದ ಮೇಲೆ ಸಿಗುತ್ತದೆ ಎಂಬುದು ಟೆಂಡರು ದಸ್ತಾವೇಜಿನಲ್ಲೇ ಸ್ಪಷ್ಟವಾಗಿರಬೇಕು, ಅಲ್ಲಿಲ್ಲದ ಹೊಸ ಷರತ್ತನ್ನು ಮೌಲ್ಯಮಾಪನದ ವೇಳೆ ತರಬಾರದು ಎಂದು ಈ ನಿಯಮಗಳು ಹೇಳುತ್ತವೆ. ಗುತ್ತಿಗೆಯನ್ನು ಸಾಮಾನ್ಯವಾಗಿ ಕನಿಷ್ಠ ‘ಮೌಲ್ಯಮಾಪಿತ’ ಬಿಡ್ಡುದಾರನಿಗೆ ಕೊಡಬೇಕೆಂಬುದು ನಿಯಮದ ಮಾತು. ‘ಮೌಲ್ಯಮಾಪಿತ’ ಎಂಬ ಶಬ್ದವನ್ನು ನಾವು ಅನೇಕ ಸಲ ಓದದೆ ದಾಟಿಬಿಡುತ್ತೇವೆ. ಲಕೋಟೆಯ ಮೇಲೆ ಬರೆದ ಕನಿಷ್ಠ ಅಂಕೆ ಒಂದು; ತೆರಿಗೆ, ಸಾಗಣೆ, ನಿರ್ವಹಣೆ ಮೊದಲಾದ ದಸ್ತಾವೇಜಿನಲ್ಲಿ ಹೇಳಿದ ಅಂಶಗಳನ್ನೆಲ್ಲ ಸೇರಿಸಿ ತೂಗಿದ ಮೇಲೆ ಬರುವ ಕನಿಷ್ಠ ಅಂಕೆ ಇನ್ನೊಂದು.

ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಒಂದು ನೀರಿನ ಪಂಪಿಗೆ ಒಬ್ಬ 40,000 ರೂಪಾಯಿ ಹೇಳುತ್ತಾನೆ, ಇನ್ನೊಬ್ಬ 50,000. ಮೊದಲನೆಯ ಪಂಪು ವರ್ಷಕ್ಕೆ 30,000 ರೂಪಾಯಿಯ ವಿದ್ಯುತ್ತನ್ನು ನುಂಗುತ್ತದೆ, ಎರಡನೆಯದು 25,000. ಹತ್ತು ವರ್ಷಗಳಿಗೆ ಲೆಕ್ಕ ಹಾಕಿದರೆ ಅಗ್ಗದ ಪಂಪಿಗೆ ಒಟ್ಟು 3,40,000 ರೂಪಾಯಿ, ದುಬಾರಿ ಪಂಪಿಗೆ 3,00,000. ಹತ್ತು ವರ್ಷಗಳ ಒಟ್ಟು ಖರ್ಚನ್ನು ನೋಡುತ್ತೇವೆಂದು ಮೊದಲೇ ಬರೆದಿದ್ದರೆ ಎರಡನೆಯವನು ನ್ಯಾಯವಾಗಿ ಗೆಲ್ಲುತ್ತಾನೆ. ಬರೆದಿಲ್ಲದಿದ್ದರೆ, ಲಕೋಟೆ ತೆರೆದ ಮೇಲೆ ಈ ಜಾಣತನ ಹೊಳೆದರೆ, ಅದು ಎಷ್ಟೇ ನಿಜವಾಗಿದ್ದರೂ ಅವನಿಗೆ ಗುತ್ತಿಗೆ ಕೊಡುವಂತಿಲ್ಲ. ಟೆಂಡರನ್ನು ರದ್ದು ಮಾಡಿ, ಮಾನದಂಡವನ್ನು ತಿದ್ದಿ, ಮತ್ತೊಮ್ಮೆ ಕರೆಯುವುದೊಂದೇ ದಾರಿ.

ಮೌಲ್ಯಮಾಪನ ಮೂರು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಮೊದಲನೆಯದು ಅರ್ಹತೆ. ಬಿಡ್ಡುದಾರನಿಗೆ ಈ ಕೆಲಸ ಮಾಡಿದ ಅನುಭವವಿದೆಯೆ, ಅವನ ವಾರ್ಷಿಕ ವಹಿವಾಟು ಸಾಕಷ್ಟಿದೆಯೆ ಎಂಬ ಪರೀಕ್ಷೆ. ಕೇಂದ್ರ ಜಾಗೃತ ಆಯೋಗದ ತಾಂತ್ರಿಕ ಪರೀಕ್ಷಕರ ಸಂಘಟನೆಯು ಡಿಸೆಂಬರ್ 2002ರಲ್ಲಿ ಕಾಮಗಾರಿಗಳಿಗೆ ಒಂದು ಮಾದರಿಯನ್ನು ಕೊಟ್ಟಿತು. ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟು ಅಂದಾಜು ವೆಚ್ಚದ ಕನಿಷ್ಠ ಶೇ. 30ರಷ್ಟಿರಬೇಕು, ಹಿಂದಿನ ಏಳು ವರ್ಷಗಳಲ್ಲಿ ಅದೇ ಬಗೆಯ ಕೆಲಸಗಳನ್ನು, ಅಂದರೆ ಅಂದಾಜಿನ ಶೇ. 40ರಷ್ಟು ಬೆಲೆಯವು ಮೂರು, ಇಲ್ಲವೆ ಶೇ. 50ರಷ್ಟರವು ಎರಡು, ಇಲ್ಲವೆ ಶೇ. 80ರಷ್ಟರದು ಒಂದು, ಮುಗಿಸಿರಬೇಕು. ಅರ್ಹತೆ ತೀರ ಸಡಿಲವಾದರೆ ಕೈಲಾಗದವನು ಒಳಗೆ ಬರುತ್ತಾನೆ, ತೀರ ಬಿಗಿಯಾದರೆ ಒಬ್ಬನೇ ಉಳಿಯುತ್ತಾನೆ; ಈ ಎರಡರ ನಡುವಿನ ದಾರಿ ಇದು.

ಬೇಕಾದವನಿಗೆ ಗುತ್ತಿಗೆ ಕೊಡಿಸಬೇಕೆಂದಿರುವವರು ಹೆಚ್ಚಾಗಿ ಕೈಚಳಕ ತೋರಿಸುವುದು ಈ ಮೊದಲ ಮೆಟ್ಟಿಲಿನಲ್ಲಿ. ದರದಲ್ಲಿ ಆಟವಾಡಿದರೆ ಕಣ್ಣಿಗೆ ಬೀಳುತ್ತದೆ. ಅರ್ಹತೆಯ ಷರತ್ತು ಮಾತ್ರ ಬಹಳ ಸಭ್ಯವಾಗಿ ಕಾಣುತ್ತದೆ. ಯಂತ್ರದ ಅಳತೆ ಒಂದೇ ಕಂಪನಿಯ ಕ್ಯಾಟಲಾಗಿನಿಂದ ಇಳಿಸಿದಂತಿರುತ್ತದೆ. ಅನುಭವ ‘ಇದೇ ನಗರದಲ್ಲಿ’ ಆಗಿರಬೇಕೆಂಬ ಸಾಲೊಂದು ಸೇರುತ್ತದೆ. ಅರ್ಜಿ ಸಲ್ಲಿಸಲು ಕೊಟ್ಟ ಅವಧಿ ಹಬ್ಬದ ರಜೆಗಳಲ್ಲಿ ಕರಗಿಹೋಗುತ್ತದೆ. ಇಂಥ ಕರಡುಗಳು ನನ್ನ ಮೇಜಿಗೂ ಬಂದಿವೆ. ಆಗೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಷರತ್ತನ್ನು ತೆಗೆದುಹಾಕಿದರೆ ಕೆಲಸ ಕೆಡುತ್ತದೆಯೆ? ಕೆಡುತ್ತದೆಂದು ತಾಂತ್ರಿಕ ಸದಸ್ಯರು ಕಾರಣಸಹಿತ ಬರೆದುಕೊಟ್ಟರೆ ಷರತ್ತು ಉಳಿಯುತ್ತಿತ್ತು. ಬರೆದುಕೊಡಲು ಹಿಂಜರಿದರೆ ಹೋಗುತ್ತಿತ್ತು. ಬಾಯಲ್ಲಿ ಸಮರ್ಥಿಸಿದ ಎಷ್ಟೋ ಷರತ್ತುಗಳು ಕಾಗದದ ಮೇಲೆ ನಿಲ್ಲಲಿಲ್ಲ.

ಎರಡನೆಯ ಮೆಟ್ಟಿಲು ತಾಂತ್ರಿಕ ಗುಣಮಟ್ಟ, ಮೂರನೆಯದು ದರ. ಇವೆರಡನ್ನೂ ಬೇರೆ ಬೇರೆ ಲಕೋಟೆಗಳಲ್ಲಿ ಪಡೆದು, ತಾಂತ್ರಿಕವಾಗಿ ತೇರ್ಗಡೆಯಾದವರ ದರವನ್ನು ಮಾತ್ರ ತೆರೆಯುವುದು ರೂಢಿ. ದರ ಮೊದಲೇ ತಿಳಿದರೆ ಗುಣಮಟ್ಟಕ್ಕೆ ಅಂಕ ಕೊಡುವವರ ಕೈ ನಿಷ್ಪಕ್ಷಪಾತವಾಗಿ ಉಳಿಯುವುದು ಕಷ್ಟವೆಂಬ ತಿಳಿವಳಿಕೆಯಿಂದ ಹುಟ್ಟಿದ ವ್ಯವಸ್ಥೆ ಇದು. ಕೆಲವು ಕೆಲಸಗಳಲ್ಲಿ ಗುಣಮಟ್ಟಕ್ಕೆ ಇಷ್ಟು, ದರಕ್ಕೆ ಇಷ್ಟು ಎಂದು ತೂಕ ನಿಗದಿ ಮಾಡಿ ಎರಡನ್ನೂ ಕೂಡಿಸುತ್ತಾರೆ. ಸಲಹೆಗಾರರ ನೇಮಕದಲ್ಲಿ ಈ ಪದ್ಧತಿ ಹಳೆಯದು. ಅಲ್ಲಿ ಗುಣಮಟ್ಟದ ತೂಕ ಶೇ. 80ನ್ನು ಮೀರುವಂತಿಲ್ಲ. ಅಕ್ಟೋಬರ್ 2021ರಲ್ಲಿ ಹಣಕಾಸು ಮಂತ್ರಾಲಯವು ಗುಣಮಟ್ಟವೇ ಪ್ರಧಾನವೆಂದು ಘೋಷಿಸಿದ ಕಾಮಗಾರಿ, ಸೇವೆಗಳಿಗೂ ಇದನ್ನು ತೆರೆಯಿತು. ಅಲ್ಲಿ ಗುಣಮಟ್ಟದ ತೂಕ ಶೇ. 30ನ್ನು ಮೀರಬಾರದೆಂದು ಮಿತಿ ಹಾಕಿತು.

ಈ ತೂಕದ ಮಹಿಮೆಯನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ‘ಅ’ ಎಂಬವನಿಗೆ ಗುಣಮಟ್ಟದಲ್ಲಿ 90 ಅಂಕ, ಅವನ ದರ 120 ಲಕ್ಷ. ‘ಬ’ ಎಂಬವನಿಗೆ 75 ಅಂಕ, ಅವನ ದರ 100 ಲಕ್ಷ. ಕನಿಷ್ಠ ದರದವನಿಗೆ ದರದ ಪೂರ್ತಿ 100 ಅಂಕ. ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಹಾಗಾಗಿ ದರದಲ್ಲಿ ‘ಬ’ನಿಗೆ 100, ‘ಅ’ನಿಗೆ 83.33. ಗುಣಮಟ್ಟಕ್ಕೆ ಶೇ. 70, ದರಕ್ಕೆ ಶೇ. 30 ತೂಕ ಕೊಟ್ಟರೆ ‘ಅ’ನ ಒಟ್ಟು ಅಂಕ 88, ‘ಬ’ನದು 82.5, ‘ಅ’ ಗೆದ್ದ. ತೂಕವನ್ನು ತಿರುಗಿಸಿ ಗುಣಮಟ್ಟಕ್ಕೆ 30, ದರಕ್ಕೆ 70 ಎಂದರೆ ‘ಅ’ನಿಗೆ 85.33, ‘ಬ’ನಿಗೆ 92.5, ‘ಬ’ ಗೆದ್ದ. ಅದೇ ಇಬ್ಬರು, ಅದೇ ಕಾಗದಗಳು, ಅದೇ ದರಗಳು. ತೂಕ ಬದಲಾದೊಡನೆ ಗೆದ್ದವನೂ ಬದಲಾದ. ಈ ತೂಕವನ್ನು ಲಕೋಟೆ ತೆರೆದ ಮೇಲೆ ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿದ್ದರೂ ಟೆಂಡರನ್ನು ಅವನ ಜೇಬಿಗೆ ಹಾಕಿಕೊಟ್ಟಂತೆಯೇ ಸರಿ. ಅವನು ಪ್ರಾಮಾಣಿಕನೆ, ಅಪ್ರಾಮಾಣಿಕನೆ ಎಂಬುದು ಆಮೇಲಿನ ಪ್ರಶ್ನೆ.

ಬಚ್ಚಿಟ್ಟ ಮಾನದಂಡಕ್ಕೆ ಒಂದು ನಿಜವಾದ ಉದಾಹರಣೆ ಅಸ್ಸಾಮಿನಿಂದ. ಅಲ್ಲಿ ಮದ್ಯಸಾರ ಪೂರೈಕೆಯ ಟೆಂಡರಿನಲ್ಲಿ ಇಲಾಖೆಯು ಇಂತಿಷ್ಟರಿಂದ ಇಂತಿಷ್ಟರವರೆಗಿನ ದರ ಮಾತ್ರ ಕಾರ್ಯಸಾಧ್ಯವೆಂದು ತನ್ನಷ್ಟಕ್ಕೆ ಒಂದು ವ್ಯಾಪ್ತಿಯನ್ನು ಹಾಕಿಕೊಂಡಿತು. ಆ ಸಂಗತಿ ಟೆಂಡರು ಪ್ರಕಟಣೆಯಲ್ಲಿ ಇರಲೇ ಇಲ್ಲ. ದತ್ತಾ ಅಸೋಸಿಯೇಟ್ಸ್ ಮೊಕದ್ದಮೆ ಎಂದು 1997ರ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಗುಪ್ತ ಅಳತೆಯನ್ನು ತಿರಸ್ಕರಿಸಿತು. ಹಾಗೆಂದು ನ್ಯಾಯಾಲಯವು ತಾನೇ ಟೆಂಡರು ಸಮಿತಿಯ ಕುರ್ಚಿಯಲ್ಲಿ ಕೂರುವುದಿಲ್ಲ. ಮೊಬೈಲು ದೂರವಾಣಿಯ ಲೈಸನ್ಸಿಗೆ ಸಂಬಂಧಿಸಿದ 1994ರ ಟಾಟಾ ಸೆಲ್ಯುಲರ್ ಮೊಕದ್ದಮೆಯಲ್ಲಿ, ನಮ್ಮ ಕರ್ನಾಟಕದವರಾದ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರಿದ್ದ ಪೀಠವು, ನ್ಯಾಯಾಲಯ ಪರಿಶೀಲಿಸುವುದು ತೀರ್ಮಾನ ಕೈಗೊಂಡ ರೀತಿಯನ್ನು, ತೀರ್ಮಾನದ ಗುಣಾವಗುಣಗಳನ್ನಲ್ಲ ಎಂದು ಗೆರೆ ಎಳೆಯಿತು. ಯಾವ ವಿಮಾನ ಒಳ್ಳೆಯದು, ಯಾವ ಸೇತುವೆ ಗಟ್ಟಿ ಎಂಬುದು ನ್ಯಾಯಾಧೀಶರ ವಿದ್ಯೆಯಲ್ಲ. ಸಾರಿದ ನಿಯಮದಂತೆ ಆರಿಸಿದಿರಾ ಎಂದು ಕೇಳುವುದು ಮಾತ್ರ ಅವರ ಹಕ್ಕು.

ಮೊದಲು ಹೇಳಿದ ಮುಂಬಯಿ ವಿಮಾನ ನಿಲ್ದಾಣಕ್ಕೇ ಮತ್ತೆ ಬಂದರೆ, ಸುಮಾರು ಮೂರು ದಶಕಗಳ ಅನಂತರ ಅಲ್ಲಿ ಇಡೀ ನಿಲ್ದಾಣದ ನಿರ್ವಹಣೆಯೇ ಟೆಂಡರಿಗೆ ಬಂತು, ಜೊತೆಗೆ ದೆಹಲಿಯದೂ. ತಾಂತ್ರಿಕ ಪರೀಕ್ಷೆಯಲ್ಲಿ ಶೇ. 80 ಅಂಕಗಳ ಗಡಿ ಇಡಲಾಗಿತ್ತು. ಸಲಹೆಗಾರರು ಮೊದಲು ಕೊಟ್ಟ ಅಂಕಗಳಲ್ಲಿ ಎರಡು ಕೂಟಗಳು ಗಡಿ ದಾಟಿದವು. ಅಂಕ ಕೊಟ್ಟ ರೀತಿಯ ಬಗ್ಗೆ ಆಕ್ಷೇಪಗಳು ಎದ್ದಾಗ ಇ. ಶ್ರೀಧರನ್ ಅವರ ನೇತೃತ್ವದ ತಜ್ಞ ಸಮಿತಿ ಮರುಪರಿಶೀಲಿಸಿತು. ಒಂದೇ ಕೂಟ ಉಳಿಯಿತು. ಆ ಕೂಟಕ್ಕೆ ಅತಿ ಹೆಚ್ಚಿನ ಆದಾಯದ ಪಾಲನ್ನು ಸರಿಗಟ್ಟುವ ಅವಕಾಶ ಕೊಟ್ಟು ದೆಹಲಿಯನ್ನು ವಹಿಸಿದರು. ಮುಂಬಯಿ ಇನ್ನೊಂದು ಕೂಟಕ್ಕೆ ಹೋಯಿತು. ಅಂಚಿನಲ್ಲಿ ಬಿದ್ದುಹೋದವರು ಸುಪ್ರೀಂ ಕೋರ್ಟಿನವರೆಗೆ ಹೋದರು. ನವೆಂಬರ್ 2006ರಲ್ಲಿ ನ್ಯಾಯಾಲಯ ಸರಕಾರದ ತೀರ್ಮಾನವನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ವಿಷಯ ಅಲ್ಲಿಗೆ ಮುಗಿಯಿತು. ಆಡಳಿತಗಾರನಿಗೆ ಉಳಿಯುವ ಪಾಠವೆಂದರೆ, ‘ಸಾಮರ್ಥ್ಯಕ್ಕೆ ಅಂಕ’ ಎಂದಷ್ಟೇ ಬರೆದರೆ ಸಾಲದು. ಯಾವ ದಾಖಲೆಗೆ ಎಷ್ಟು ಅಂಕ ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಒಬ್ಬ ತಜ್ಞನ 81 ಇನ್ನೊಬ್ಬ ತಜ್ಞನಿಗೆ 79 ಆಗುತ್ತದೆ. ಆ ಎರಡು ಅಂಕಗಳ ಮೇಲೆ ಸಾವಿರಾರು ಕೋಟಿಯ ಕೆಲಸ ತೂಗಾಡುತ್ತದೆ.

ಟೆಂಡರಿಲ್ಲದೆ ಸರದಿಯಂತೆ ಹಂಚಿದಾಗಲೂ ನಿಯಮ ಇದೇ. ದೂರಸಂಪರ್ಕದ 2ಜಿ ಲೈಸನ್ಸುಗಳನ್ನು ‘ಮೊದಲು ಬಂದವರಿಗೆ ಮೊದಲು’ ಎಂಬ ಕ್ರಮದಲ್ಲಿ ಕೊಡಲಾಯಿತು. ಅರ್ಜಿ ಸ್ವೀಕಾರದ ಕೊನೆಯ ದಿನ 1 ಅಕ್ಟೋಬರ್ 2007 ಎಂದು ಪ್ರಕಟಿಸಿ, ಆಮೇಲೆ 10 ಜನವರಿ 2008ರಂದು, 25 ಸೆಪ್ಟೆಂಬರ್‌ವರೆಗೆ ಬಂದವರನ್ನಷ್ಟೇ ಪರಿಗಣಿಸುತ್ತೇವೆಂದು ಸಾರಿದರು. 2 ಫೆಬ್ರುವರಿ 2012ರಂದು ಸುಪ್ರೀಂ ಕೋರ್ಟು 122 ಲೈಸನ್ಸುಗಳನ್ನು ರದ್ದುಪಡಿಸಿತು. ಡಿಸೆಂಬರ್ 2017ರಲ್ಲಿ ವಿಶೇಷ ನ್ಯಾಯಾಲಯವು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತೆಂಬುದನ್ನೂ ಹೇಳಬೇಕು. ಲಂಚ ಸಾಬೀತಾಗಬೇಕಾದರೆ ಬೇರೆಯ ಪುರಾವೆ ಬೇಕು. ಆದರೆ ನಿಯಮವನ್ನು ನಡುವೆ ಬದಲಿಸಿದ್ದೊಂದೇ ಒಂದು ಹಂಚಿಕೆಯನ್ನು ಕೆಡವಲು ಸಾಕು.

ಈಗ ಕನಿಷ್ಠ ದರದ ಮೋಹದ ಬಗ್ಗೆ. ನಮ್ಮ ಕಚೇರಿಗಳಲ್ಲಿ ‘ಎಲ್-1’ ಎಂಬುದು ಮಂತ್ರದಂತಾಗಿದೆ. ಇದು ಮಿತವ್ಯಯದ ಪ್ರೀತಿಯೆಂದು ಹೊರಗಿನವರು ತಿಳಿಯುತ್ತಾರೆ. ಒಳಗಿದ್ದ ನನಗೆ ಗೊತ್ತಿರುವಂತೆ ಇದರ ಬೇರು ಭಯದಲ್ಲಿದೆ. ಎರಡನೆಯ ದರದವನಿಗೆ ಕೊಟ್ಟು ಸೇತುವೆ ನೂರು ವರ್ಷ ಬಾಳಿದರೆ ಯಾರೂ ಹೊಗಳುವುದಿಲ್ಲ. ಏಕೆ ಕೊಟ್ಟೆ ಎಂದು ಲೆಕ್ಕಪರಿಶೋಧಕರು, ಜಾಗೃತ ದಳದವರು ಕೇಳುತ್ತಾರೆ. ಮೊದಲನೆಯವನಿಗೆ ಕೊಟ್ಟು ಸೇತುವೆ ಎರಡು ವರ್ಷದಲ್ಲಿ ಬಿರುಕು ಬಿಟ್ಟರೆ, ನಿಯಮದಂತೆ ನಡೆದಿದ್ದೇನೆಂದು ಅಧಿಕಾರಿ ನಿಶ್ಚಿಂತನಾಗಿರುತ್ತಾನೆ. ಸಾರ್ವಜನಿಕ ಹಿತವಿಲ್ಲದೆ ಬೇರೊಬ್ಬರಿಗೆ ಲಾಭವಾಯಿತೆಂಬಷ್ಟರಿಂದಲೇ ಅಧಿಕಾರಿಯನ್ನು ಅಪರಾಧಿಯಾಗಿಸಬಹುದಾಗಿದ್ದ ಒಂದು ಉಪಬಂಧ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿತ್ತು. 2018ರಲ್ಲಿ ಅದನ್ನು ತೆಗೆದುಹಾಕಿದರು. ಕಾಯಿದೆ ಬದಲಾದರೂ ಮನಸ್ಸಿನ ಭಯ ಪೂರ್ತಿ ಹೋಗಿಲ್ಲ.

ಹೀಗೆ ಉಳಿಸಿದ ಹಣವನ್ನು ಯಾರೋ ಒಬ್ಬರು ತುಂಬಿಕೊಡಲೇಬೇಕು. ಅದು ಯಾರೆಂಬುದಕ್ಕೆ ಕಚೇರಿಗಳ ಕಸಗುಡಿಸುವ, ಕಾವಲು ಕಾಯುವ ಗುತ್ತಿಗೆಗಳನ್ನು ನೋಡಿರಿ. ಕೆಲಸಗಾರರ ಕನಿಷ್ಠ ವೇತನ, ಭವಿಷ್ಯನಿಧಿ, ವಿಮೆ ಎಲ್ಲವನ್ನೂ ಕಾನೂನೇ ನಿಗದಿ ಮಾಡಿರುವುದರಿಂದ ಗುತ್ತಿಗೆದಾರರು ಸ್ಪರ್ಧಿಸುವುದು ತಮ್ಮ ಸೇವಾ ಶುಲ್ಕದಲ್ಲಿ ಮಾತ್ರ. ನಾನು ಸದಸ್ಯನಾಗಿದ್ದ ಒಂದು ಸಮಿತಿಯ ಮುಂದೆ ಹಲವರು ತಮ್ಮ ಸೇವಾ ಶುಲ್ಕವನ್ನು ಶೂನ್ಯವೆಂದೋ ಒಂದು ಪೈಸೆಯೆಂದೋ ಬರೆದಿದ್ದರು. ಲಾಭವಿಲ್ಲದೆ ವ್ಯಾಪಾರ ಮಾಡುವ ಇಷ್ಟೊಂದು ಜನ ಧರ್ಮಾತ್ಮರು ಒಂದೇ ದಿನ ಒಂದೇ ಕೋಣೆಯಲ್ಲಿ ಸೇರುವುದು ಸಾಧ್ಯವೆ? ಲಾಭ ಬರುವುದು ಎಲ್ಲಿಂದಲೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬ್ಯಾಂಕಿಗೆ ಜಮೆಯಾದ ಸಂಬಳದಲ್ಲಿ ಒಂದು ಪಾಲನ್ನು ಕೆಲಸಗಾರ ಮರಳಿ ನಗದಾಗಿ ಕೊಡಬೇಕು. ಕೊಡದವನಿಗೆ ಮುಂದಿನ ತಿಂಗಳು ಕೆಲಸವಿಲ್ಲ. ಶೂನ್ಯ ಶುಲ್ಕದ ಬಿಡ್ಡುಗಳನ್ನು ತಿರಸ್ಕರಿಸಬೇಕೆಂದು ಹಣಕಾಸು ಮಂತ್ರಾಲಯ 2014ರಲ್ಲಿಯೇ ಸೂಚಿಸಿತ್ತು. ಆಮೇಲೆ ಶೂನ್ಯದ ಬದಲು ಪೈಸೆಗಳು ಬಂದವು.

ಇದು ನಮ್ಮಿಂದ ದೂರದ ಕಥೆಯಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬರುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯ ಬಡ ಕನ್ನಡಿಗರು ಬಹಳ. ಅವರು ನಮ್ಮ ಸಂಘದ ಸದಸ್ಯರಾಗಿರುವುದು ಅಪರೂಪ. ಕನಿಷ್ಠ ದರದ ಟೆಂಡರಿನಲ್ಲಿ ಉಳಿತಾಯವೆಂದು ಕಡತದಲ್ಲಿ ತೋರಿಸಿದ ಮೊತ್ತ ಎಷ್ಟೋ ಸಲ ಅವರ ಕೂಲಿಯಿಂದ ಹೋದದ್ದು. ಕಾಮಗಾರಿಯಲ್ಲಿ ಅಂದಾಜಿಗಿಂತ ತೀರ ಕೆಳಗಿಳಿದು ಬಿಡ್ಡು ಹಾಕಿದವನು ಸಿಮೆಂಟಿನಲ್ಲಿ ಉಳಿಸುತ್ತಾನೆ, ಕೂಲಿಯಲ್ಲಿ ಉಳಿಸುತ್ತಾನೆ, ಇಲ್ಲವೆ ಅರ್ಧಕ್ಕೆ ಬಿಟ್ಟು ಹೋಗುತ್ತಾನೆ. ಕಾಸಿಗೆ ತಕ್ಕ ಕಜ್ಜಾಯ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಅಸಹಜವಾಗಿ ಕಡಿಮೆ ದರ ಬಂದಾಗ ಬಿಡಿಬಿಡಿಯಾಗಿ ಲೆಕ್ಕ ಕೇಳಿ, ಉತ್ತರ ಸಮಾಧಾನಕರವಾಗದಿದ್ದರೆ ತಿರಸ್ಕರಿಸಲು ಖರೀದಿ ಕೈಪಿಡಿಗಳು ಅವಕಾಶ ಕೊಟ್ಟಿವೆ. ಆ ಅವಕಾಶವನ್ನು ಬಳಸುವ ಧೈರ್ಯ ಬೇಕು.

ಹಾಗಾದರೆ ಕನಿಷ್ಠ ದರವನ್ನು ಕೈಬಿಟ್ಟು ಎಲ್ಲೆಲ್ಲೂ ಗುಣಮಟ್ಟಕ್ಕೆ ಅಂಕ ಕೊಡೋಣವೆ? ಅದನ್ನೂ ನಾನು ಒಪ್ಪಲಾರೆ. ಕಾಗದ, ಕುರ್ಚಿ, ಬಲ್ಬುಗಳಂತಹ ವಸ್ತುಗಳಿಗೆ ಅಳತೆಯನ್ನು ಸರಿಯಾಗಿ ಬರೆದು, ಪರೀಕ್ಷೆ ಮಾಡಿ ಪಡೆದರೆ ಕನಿಷ್ಠ ದರವೇ ನ್ಯಾಯ. ಅಲ್ಲಿ ಅಂಕಗಳನ್ನು ತಂದರೆ ಶಿಫಾರಸಿನ ಬಾಗಿಲು ತೆರೆದಂತೆ. ವಿನ್ಯಾಸ, ಸಂಶೋಧನೆ, ಸಂಕೀರ್ಣ ಸೇತುವೆ, ರೋಗಿಗಳ ಶುಶ್ರೂಷೆ ಇವುಗಳಲ್ಲಿ ಮಾಡುವವನ ಯೋಗ್ಯತೆಯೇ ಕೆಲಸದ ತಿರುಳು. ಅಲ್ಲಿ ದರವೊಂದನ್ನೇ ನೋಡುವುದು ಅವಿವೇಕ. ಯಾವ ಕೆಲಸಕ್ಕೆ ಯಾವ ಕೋಲು ಎಂದು ನಿರ್ಧರಿಸುವುದರಲ್ಲಿ ಅಧಿಕಾರಿಯ ವಿವೇಚನೆಗೆ ಪೂರ್ಣ ಸ್ಥಾನವಿದೆ. ಆ ವಿವೇಚನೆಯೆಲ್ಲ ಟೆಂಡರು ಪ್ರಕಟವಾಗುವ ಮೊದಲೇ ಮುಗಿಯಬೇಕೆಂಬುದು ನನ್ನ ವಾದದ ಸಾರಾಂಶ. ಪೆಟ್ಟಿಗೆ ತೆರೆದ ಮೇಲೆ ಉಳಿಯಬೇಕಾದದ್ದು ಅಳೆಯುವ ಕೆಲಸವಷ್ಟೆ. ನವೆಂಬರ್ 1998ರಲ್ಲಿ ಕೇಂದ್ರ ಜಾಗೃತ ಆಯೋಗವು ಟೆಂಡರು ತೆರೆದ ಮೇಲೆ ಕನಿಷ್ಠ ದರದವನ ಹೊರತು ಬೇರೆ ಯಾರೊಡನೆಯೂ ಚೌಕಾಸಿ ಮಾಡಬಾರದೆಂದು ತಡೆದದ್ದು ಇದೇ ತತ್ತ್ವದ ಮೇಲೆ.

ಮೀಸಲು ಮತ್ತು ಆದ್ಯತೆಗಳ ವಿಷಯದಲ್ಲೂ ಇದೇ ಮಾತು. ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೇಂದ್ರದ ಖರೀದಿಯ ಒಂದು ಪಾಲು ಬರಬೇಕೆಂಬ 2012ರ ಆದೇಶದಲ್ಲಿ ಶೇ. 20 ಇದ್ದದ್ದು 2019ರಿಂದ ಶೇ. 25 ಆಯಿತು. ಅವರ ದರ ಕನಿಷ್ಠಕ್ಕಿಂತ ಶೇ. 15ರ ಒಳಗೆ ಇದ್ದರೆ, ಕನಿಷ್ಠ ದರಕ್ಕೆ ಇಳಿಯಲು ಒಪ್ಪಿ ಒಂದು ಪಾಲನ್ನು ಪಡೆಯಬಹುದು. ಅಚ್ಚುಕೂಟವಿಟ್ಟಿರುವ, ಸಣ್ಣ ಕಾರ್ಖಾನೆ ನಡೆಸುತ್ತಿರುವ ನಮ್ಮ ಸದಸ್ಯರು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ದುರ್ಬಲರಿಗೆ ಆದ್ಯತೆ ಕೊಡುವುದು ಸಮಾಜ ಕೈಗೊಳ್ಳಬಹುದಾದ ನ್ಯಾಯವಾದ ತೀರ್ಮಾನ; ಅದನ್ನು ಬಹಿರಂಗವಾಗಿ, ಮೊದಲೇ ಬರೆದಿರುವವರೆಗೆ ಯಾರಿಗೂ ಮೋಸವಿಲ್ಲ.

ಕಾನೂನಿನ ಸ್ಥಿತಿಯನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. ತಮಿಳುನಾಡು 1998ರಲ್ಲಿ ಟೆಂಡರು ಪಾರದರ್ಶಕತೆಯ ಕಾಯಿದೆ ಮಾಡಿತು. ಮರುವರ್ಷವೇ ಕರ್ನಾಟಕ ತನ್ನ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ತಂದಿತು. ಯಾವ ಬಿಡ್ಡನ್ನು ಏಕೆ ಒಪ್ಪಿಕೊಂಡೆವೆಂಬ ತುಲನಾತ್ಮಕ ವಿಶ್ಲೇಷಣೆಯನ್ನು, ಕಾರಣಗಳನ್ನು ದಾಖಲಿಸಬೇಕೆಂಬ ವಿಧಿಯೂ, ಅಸಮಾಧಾನಗೊಂಡವನಿಗೆ ಮೇಲ್ಮನವಿಯ ಹಕ್ಕೂ ಅದರಲ್ಲಿವೆ. ಕನ್ನಡಿಗರು ಹೆಮ್ಮೆ ಪಡಬಹುದಾದ ಕಾಯಿದೆ ಅದು, ಆಮೇಲೆ ವಿನಾಯಿತಿಗಳ ಕಿಂಡಿಗಳು ಎಷ್ಟೇ ತೆರೆದಿರಲಿ. ಕೇಂದ್ರದಲ್ಲಿ 2012ರಲ್ಲಿ ಲೋಕಸಭೆಯ ಮುಂದೆ ಬಂದ ಸಾರ್ವಜನಿಕ ಸಂಗ್ರಹಣೆ ಮಸೂದೆ 2014ರಲ್ಲಿ ಸದನದ ಅವಧಿಯೊಂದಿಗೆ ಬಿದ್ದುಹೋಯಿತು. ಕೇಂದ್ರದ ವ್ಯವಹಾರ ಹೆಚ್ಚಾಗಿ ನಿಯಮ, ಕೈಪಿಡಿ, ಸುತ್ತೋಲೆಗಳ ಮೇಲೆಯೇ ನಡೆದುಬಂದಿದೆ. ಸುತ್ತೋಲೆ ಅಧಿಕಾರಿಯನ್ನು ಬಂಧಿಸುತ್ತದೆ. ಕಾಯಿದೆ ನಾಗರಿಕನಿಗೆ ಹಕ್ಕು ಕೊಡುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ.

ನಾಗರಿಕರಾಗಿ ನಾವೇನು ಮಾಡಬಹುದು? ಗುತ್ತಿಗೆಗೆ ಅರ್ಜಿ ಹಾಕುವವರು ಷರತ್ತು ಅನ್ಯಾಯವೆನಿಸಿದರೆ ಬಿಡ್ಡು ಪೂರ್ವ ಸಭೆಯಲ್ಲಿಯೇ ಲಿಖಿತವಾಗಿ ಕೇಳಬೇಕು. ಸೋತ ಮೇಲೆ ದೂರುವವನಿಗೆ ನ್ಯಾಯಾಲಯವೂ ಕಿವಿಗೊಡುವುದು ಕಷ್ಟ. ಉಳಿದವರಿಗೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಗುತ್ತಿಗೆ ಕೊಟ್ಟಾದ ಮೇಲೆ ನಿಮ್ಮ ಬಡಾವಣೆಯ ರಸ್ತೆಯ ತುಲನಾ ಪಟ್ಟಿಯನ್ನು ಕೇಳಿ ಪಡೆಯಿರಿ. ಮೂರು ವರ್ಷ ಒಂದೇ ಗುಂಪಿನವರು ಸರದಿಯಂತೆ ಗೆಲ್ಲುತ್ತಿದ್ದಾರೆಯೆ, ಸೋಲುವವರ ದರಗಳು ಗೆದ್ದವನ ನೆರಳಿನಂತಿವೆಯೆ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ. ಅದಕ್ಕೆ ಪರಿಣತಿ ಬೇಕಿಲ್ಲ.

ಕೊನೆಯದಾಗಿ ನಮ್ಮ ಸಂಘಗಳ ಬಗ್ಗೆ. ಹೊರನಾಡಿನ ಕನ್ನಡ ಸಂಘಗಳು ಸದಸ್ಯರ ದೇಣಿಗೆಯಿಂದ ಭವನ ಕಟ್ಟುತ್ತವೆ, ಸ್ಮರಣ ಸಂಚಿಕೆ ಅಚ್ಚು ಹಾಕಿಸುತ್ತವೆ, ಉತ್ಸವಗಳಿಗೆ ಊಟ ಹಾಕಿಸುತ್ತವೆ. ಅದೂ ಸಾರ್ವಜನಿಕರ ಹಣವೇ. ಸರಕಾರವನ್ನು ಟೀಕಿಸುವ ನಾವು ನಮ್ಮ ಅಂಗಳದಲ್ಲಿ ‘ನಮ್ಮವನೇ, ಕೊಟ್ಟುಬಿಡೋಣ’ ಎನ್ನುವುದು ಎಷ್ಟು ಸರಿ? ಭಾರವಾದ ನಿಯಮಾವಳಿ ಬೇಕಿಲ್ಲ. ದರ ಕೇಳುವ ಮೊದಲು, ಏನು ಬೇಕು, ಹೇಗೆ ಆರಿಸುತ್ತೇವೆ ಎಂದು ಅರ್ಧ ಪುಟ ಬರೆದು ಕೇಳಿದವರಿಗೆಲ್ಲ ಕೊಡೋಣ. ಲಕೋಟೆಗಳನ್ನು ಮೂವರ ಎದುರಿಗೆ ತೆರೆಯೋಣ. ದರ ಕೊಟ್ಟವರ ಬಂಧುಗಳು ಸಮಿತಿಯಲ್ಲಿದ್ದರೆ ಆ ದಿನ ಹೊರಗೆ ಕುಳಿತುಕೊಳ್ಳಲಿ. ಆಯ್ಕೆಯ ಕಾರಣವನ್ನು ನಡವಳಿಕೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯೋಣ. ಹೀಗೆ ಮಾಡಿದರೆ ನಮ್ಮವರಿಗೆ ಕೆಲಸ ಸಿಗುವುದಿಲ್ಲವೆಂದಲ್ಲ. ಸಿಕ್ಕಾಗ ಯಾರೂ ಬೆರಳು ತೋರಿಸುವಂತಿರುವುದಿಲ್ಲ.